ಬಿಚ್ಚಿ ಕಟ್ಟಿದ ಮೂಟೆಗೆ ಹಳೇ ಚೀಟಿ

ಮೊದಲೇ ಹೇಳಿಬಿಡ್ತೀನಿ, ಇದು ಸಿಟ್ಟಲ್ಲಿ ಬರೆದದ್ದು. ಬೇರೆಯವರು ಬರೆದ ಸಾಫ್ಟ್‌ವೇರಿನ ಸೋರ್ಸ್ ಕೋಡನ್ನು ಇಳಿಸಿಕೊಂಡು, ಆ ಟಾರ್ ಫೈಲನ್ನೋ ಜಿಪ್ ಫೈಲನ್ನೋ ಬಿಚ್ಚಿ, ಒಳಗಿಂದ ನಾಲ್ಕು ಫೈಲು ಕಿತ್ತು, ಒಂದೆರಡು ತಿದ್ದಿ, ಮತ್ತೆ ಗಂಟು ಕಟ್ಟಿ, ಹಳೇ ಹೆಸರು ಹಳೇ ವರ್ಷನ್ ನಂಬರಲ್ಲೇ ಊರಿಗೆಲ್ಲ ಹಂಚುತ್ತಾರಲ್ಲ, ಅವರ ಮೇಲಿನ ಸಿಟ್ಟು. ಅವರಲ್ಲಿ ಹೆಚ್ಚಿನವರು ಒಳ್ಳೆಯವರೇ. ಸಂಬಳವಿಲ್ಲದೆ, ಕನ್ನಡದ ಮೇಲಿನ ಪ್ರೀತಿಗೆ ರಾತ್ರಿ ಕೂತು ಕೆಲಸ ಮಾಡೋರು. ಅದಕ್ಕೇ ಸಿಟ್ಟು ಜಾಸ್ತಿ. ಕಳ್ಳರಾಗಿದ್ದರೆ ಅವರಿಗೆ ಬರೆದು ಪ್ರಯೋಜನ ಇರಲಿಲ್ಲ.

ನಡೆದದ್ದು ಇಷ್ಟು. ಹಬ್ಬಕ್ಕೆ ಅಂತ ನಂಗಲಿಗೆ ಹೋಗಿದ್ದೆ. ಹತ್ತಿರದ ಶಾಲೆಯೊಂದರ ಮೇಷ್ಟ್ರು ಫೋನ್ ಮಾಡಿದರು. "ಏನಪ್ಪಾ, ನೀನು ಲಿನಕ್ಸು ಗಿನಕ್ಸು ಅಂತಿರ್ತೀಯಲ್ಲ, ನಮ್ಮ ಲ್ಯಾಬಲ್ಲಿ ಕನ್ನಡದ ಅಕ್ಷರ ಎಲ್ಲಾ ಕೈಕಾಲು ಮುರ್ಕೊಂಡು ಬಿದ್ದವೆ, ಬಂದು ಒಂಚೂರು ನೋಡು." ಹೋದೆ. ಹನ್ನೆರಡು ಕಂಪ್ಯೂಟರು. ಐದರಲ್ಲಿ ಕನ್ನಡ ನೆಟ್ಟಗಿತ್ತು. ಏಳರಲ್ಲಿ ಅರ್ಕಾವತ್ತು ತನ್ನ ಜಾಗ ಬಿಟ್ಟು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂತಿತ್ತು. ಸೂರ್ಯ, ಕಾರ್ಯ, ವರ್ಷ, ಯಾವುದನ್ನೂ ಓದೋ ಹಾಗಿಲ್ಲ. ಸಾರ್, ನನ್ನ ಹೆಸರು ನಂಗೇ ಓದಕ್ಕಾಗಲ್ಲ ಅಂತ ಹುಡುಗಿಯೊಬ್ಬಳು ನಗ್ತಾ ಇದ್ದಳು.

ಹನ್ನೆರಡರಲ್ಲೂ ಒಂದೇ ಫಾಂಟು. ಒಂದೇ ವರ್ಷನ್. ಹನ್ನೆರಡರಲ್ಲೂ ಡೌನ್‌ಲೋಡ್ಸ್ ಫೋಲ್ಡರಲ್ಲಿ ಒಂದೇ ಹೆಸರಿನ ಸೋರ್ಸ್ ಜಿಪ್ಪು. ಈ ಅರ್ಕಾವತ್ತಿನ ತೊಂದರೆಯನ್ನು ಫಾಂಟ್ ಮಾಡಿದವರು ಎರಡು ಬಿಡುಗಡೆ ಹಿಂದೆಯೇ ಸರಿ ಮಾಡಿದ್ದರು ಅನ್ನೋದು ನನಗೆ ಗೊತ್ತಿತ್ತು, ಯಾಕಂದ್ರೆ ಆ ದೂರು ಕೊಟ್ಟವರಲ್ಲಿ ನಾನೂ ಒಬ್ಬ. ಹಾಗಾಗಿ ಫಾಂಟಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಅಕ್ಷರ ಜೋಡಿಸೋ ಹಾರ್ಫ್‌ಬಝ್ ಯಾವ ವರ್ಷನ್ ಅಂತ ನೋಡಿದೆ. ಫಾಂಟ್ ಕ್ಯಾಶ್ ಅಳಿಸಿದೆ. ಬ್ರೌಸರನ್ನು ಬೈದೆ. ಎರಡು ಸಂಜೆ ಹಾಳಾಯ್ತು. ಮೂರನೇ ದಿನ, ಬೇರೆ ದಾರಿ ಕಾಣದೆ, ಎರಡು ಕಂಪ್ಯೂಟರಿನ ಜಿಪ್ಪುಗಳ ಶಾ-256 ಮೊತ್ತ ತೆಗೆದು ಹೋಲಿಸಿದೆ. ಬೇರೆ ಬೇರೆ!

ಆಮೇಲೆ ಗೊತ್ತಾದದ್ದು. ಐದು ಕಂಪ್ಯೂಟರಿಗೆ ಹಾಕಿದ್ದು ಮೂಲದವರ ಜಿಪ್ಪು. ಏಳಕ್ಕೆ ಹಾಕಿದ್ದು ಒಂದು ಸ್ವಯಂಸೇವಕರ ಗುಂಪು ಪೆನ್‌ಡ್ರೈವಲ್ಲಿ ಹಂಚಿದ ಜಿಪ್ಪು. ಅವರು ಫೈಲಿನ ಗಾತ್ರ ಇಳಿಸೋಕೆ ಮಾದರಿ ಪಿಡಿಎಫ್‌ಗಳನ್ನು ಕಿತ್ತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಪರವಾಗಿರಲಿಲ್ಲ. ಅಕ್ಷರಗಳ ಜಾಗ ಹೇಳೋ ಫೈಲನ್ನು ತಮಗೆ ಇಷ್ಟವಾದ ಹಳೇದೊಂದರಿಂದ ಬದಲಾಯಿಸಿದ್ದರು. ಆಮೇಲೆ ಮತ್ತೆ ಜಿಪ್ ಮಾಡಿ, ಮೂಲದವರು ಇಟ್ಟಿದ್ದ ಹೆಸರನ್ನು ಅಕ್ಷರ ಸಹಿತ ಹಾಗೇ ಇಟ್ಟಿದ್ದರು. ಅವರಿಗೆ ಮೇಲ್ ಮಾಡಿದೆ. ಉತ್ತರ ಬಂತು: "ಸರ್, ನಾವು ಫಾಂಟ್ ಚೇಂಜ್ ಮಾಡಿಲ್ಲ, ಸ್ವಲ್ಪ ಆಪ್ಟಿಮೈಸ್ ಮಾಡಿದ್ದೀವಿ ಅಷ್ಟೆ. ಹೆಸರು ಬದಲಾಯಿಸಿದರೆ ಜನ ಗೊಂದಲ ಮಾಡ್ಕೋತಾರೆ."

ಜನ ಗೊಂದಲ ಮಾಡ್ಕೋತಾರಂತೆ.

ನಂಗಲಿ ಗೊತ್ತಿಲ್ಲದವರಿಗೆ ಒಂದು ಮಾತು. ಮುಳಬಾಗಿಲು ದಾಟಿ ಹೆದ್ದಾರೀಲಿ ಪೂರ್ವಕ್ಕೆ ಹೋದರೆ ಕರ್ನಾಟಕ ಮುಗಿಯೋದು ಇಲ್ಲಿ. ಆಚೆಗೆ ಆಂಧ್ರ, ಪಲಮನೇರು. ನಮ್ಮ ಬಾಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ಉಸಿರಲ್ಲಿ ಬರ್ತವೆ. ಜಿಎಸ್‌ಟಿ ಬರೋಕೆ ಮುಂಚೆ ಇಲ್ಲಿ ತೆರಿಗೆ ಚೆಕ್‌ಪೋಸ್ಟ್ ಇತ್ತು, ಲಾರಿಗಳು ಸಾಲಾಗಿ ನಿಲ್ಲೋವು. ಹುಡುಗರಾಗಿದ್ದಾಗ ಟೀ ಅಂಗಡಿ ಬೆಂಚಲ್ಲಿ ಕೂತು ಅಲ್ಲಿನ ವಾದ ಕೇಳೋದೇ ನಮಗೆ ಸಿನಿಮಾ. ಒಂದು ಸಲದ್ದು ಇನ್ನೂ ನೆನಪಿದೆ. ಡ್ರೈವರು ಹೇಳ್ತಿದ್ದ: "ದಾರೀಲಿ ಮಳೆ ಬಂದು ಗೋಣಿ ನೆಂದೋಯ್ತು ಸಾರ್, ಬೇರೆ ಗೋಣೀಗೆ ತುಂಬಿಸಿದ್ವಿ, ಅದಕ್ಕೇ ಮೂಟೆ ಲೆಕ್ಕ ಹೆಚ್ಚುಕಮ್ಮಿ." ಮೇಜಿನ ಹಿಂದಿದ್ದವರು ತಲೆ ಎತ್ತದೆ ಅಂದರು: "ತುಂಬಿಸ್ಕೋ, ಯಾರು ಬೇಡ ಅಂದ್ರು? ತುಂಬಿಸಿದೀನಿ ಅಂತ ಬಿಲ್ಲಲ್ಲಿ ಎಲ್ಲಯ್ಯಾ ಇದೆ?"

ಮೂಟೆ ಬಿಚ್ಚಿ ಕಟ್ಟೋದು ತಪ್ಪಲ್ಲ. ಹಳೇ ಬಿಲ್ಲು ತೋರ್ಸೋದು ತಪ್ಪು. ಈಗ ಚೆಕ್‌ಪೋಸ್ಟ್ ಹೋಗಿ ಇ-ವೇ ಬಿಲ್ ಬಂದಿದೆ. ಕರ್ನಾಟಕದಲ್ಲಿ ರಾಜ್ಯದೊಳಗಿನ ಸರಕಿಗೂ ಅದು ಶುರುವಾದದ್ದು 2018ರ ಏಪ್ರಿಲ್ 1ಕ್ಕೆ. ಅದರಲ್ಲೂ ದಾರಿ ಮಧ್ಯೆ ಒಂದು ಗಾಡಿಯಿಂದ ಇನ್ನೊಂದಕ್ಕೆ ಸರಕು ಬದಲಾಯಿಸಿದರೆ ಹೊಸ ಗಾಡಿ ನಂಬರನ್ನು ಬಿಲ್ಲಲ್ಲಿ ತುಂಬಲೇಬೇಕು. ಇನ್ನೂ ಹತ್ತಿರದ್ದು ಬೇಕಾ? ಯಾವುದಾದರೂ ದಿನಸಿ ಅಂಗಡೀಲಿ ಜೀರಿಗೆ ಪ್ಯಾಕೆಟ್ ತಗೊಂಡು ಹಿಂದೆ ತಿರುಗಿಸಿ ನೋಡಿ. ಪ್ಯಾಕ್ ಮಾಡಿದ ಸರಕಿನ ಬಗ್ಗೆ ಕೇಂದ್ರದ ತೂಕ ಅಳತೆಯ ನಿಯಮ 2011ರಿಂದ ಇದೆ: ತಯಾರಿಸಿದವರು ಒಬ್ಬರು, ಪ್ಯಾಕ್ ಮಾಡಿದವರು ಇನ್ನೊಬ್ಬರು ಆಗಿದ್ದರೆ ಇಬ್ಬರ ಹೆಸರು ವಿಳಾಸವೂ ಪೊಟ್ಟಣದ ಮೇಲೆ ಇರಬೇಕು. ನೂರು ಗ್ರಾಂ ಜೀರಿಗೆಗೆ ಇರೋ ಮರ್ಯಾದೆ, ಸಾವಿರಾರು ಮಕ್ಕಳು ಓದೋ ಅಕ್ಷರಕ್ಕೆ ಇಲ್ಲ.

ಇದನ್ನೆಲ್ಲ ಸಾಫ್ಟ್‌ವೇರ್ ಲೋಕ ಯೋಚಿಸಿಲ್ಲ ಅಂದುಕೊಳ್ಳಬೇಡಿ. ಡೆಬಿಯನ್‌ನವರು ಬಹಳ ಹಿಂದೆಯೇ ಯೋಚಿಸಿದ್ದಾರೆ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಲಿನಕ್ಸ್ ವಿತರಣೆ ಅದು. ನಮ್ಮ ಶಾಲೆಗಳಲ್ಲಿ ಕಾಣೋ ಉಬುಂಟು ಹುಟ್ಟಿದ್ದು ಅದರ ಹೊಟ್ಟೆಯಿಂದ. ಡೆಬಿಯನ್‌ನ ಸೋರ್ಸ್ ಪ್ಯಾಕೇಜಲ್ಲಿ ಎರಡು ಗಂಟು ಇರುತ್ತೆ. ಮೂಲ ಲೇಖಕರು ಕೊಟ್ಟದ್ದು ಒಂದು, ಅದರ ಫೈಲ್ ಹೆಸರಲ್ಲೇ 'ಒರಿಗ್' ಅಂತ ಬರೆದಿರುತ್ತೆ, ಒರಿಜಿನಲ್ ಅನ್ನೋದರ ಚುಟುಕು. ಡೆಬಿಯನ್‌ನವರು ತಾವು ಮಾಡಿದ ತಿದ್ದುಪಡಿ, ಕಟ್ಟೋ ಸೂಚನೆ ಎಲ್ಲವನ್ನೂ ಇನ್ನೊಂದು ಗಂಟಲ್ಲಿ ಇಡ್ತಾರೆ. ಯಾರು ಏನು ಮಾಡಿದರು ಅನ್ನೋದು ಗಂಟು ನೋಡಿದರೇ ಗೊತ್ತು. ಮೂಲದ್ದನ್ನು ಮುಟ್ಟಬಾರದು ಅನ್ನೋದೇ ಅಲ್ಲಿ ಮೊದಲ ನಿಯಮ.

ಆದರೆ ಕೆಲವು ಸಲ ಮೂಲದ ಗಂಟಲ್ಲೇ ಹಂಚಬಾರದ ವಸ್ತು ಇರುತ್ತೆ. ತಿದ್ದೋ ಹಕ್ಕು ಕೊಡದ ದಾಖಲೆಗಳು, ಸೋರ್ಸ್ ಇಲ್ಲದ ಬೈನರಿಗಳು. ಇಂಟರ್‌ನೆಟ್‌ನ ಆರ್‌ಎಫ್‌ಸಿ ದಾಖಲೆಗಳನ್ನು ಎಷ್ಟೋ ಲೇಖಕರು ಅನುಕೂಲಕ್ಕೆ ಅಂತ ಸೋರ್ಸ್ ಜೊತೆ ಸೇರಿಸಿಬಿಡ್ತಾರೆ, ಅವುಗಳ ಲೈಸೆನ್ಸ್ ಡೆಬಿಯನ್‌ಗೆ ಒಪ್ಪಿಗೆ ಇಲ್ಲ. ಇನ್ನೊಂದು ತಮಾಷೆಯದ್ದೂ ಇದೆ. ಡಗ್ಲಸ್ ಕ್ರಾಕ್‌ಫರ್ಡ್ ತಮ್ಮ ಜೇಸನ್ ಕೋಡಿನ ಲೈಸೆನ್ಸಿನಲ್ಲಿ, ಇದನ್ನು ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕೆ ಬಳಸಕೂಡದು ಅನ್ನೋ ಅರ್ಥದ ಒಂದು ಸಾಲು ಸೇರಿಸಿದರು. ಕೇಳೋಕೆ ಚೆನ್ನಾಗಿದೆ. ಆದರೆ ಯಾರು ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು ಅನ್ನೋದು ಮುಕ್ತ ತಂತ್ರಾಂಶದ ಬುನಾದಿ, ಹಾಗಾಗಿ ಆ ಒಂದು ಸಾಲಿಗಾಗಿ ಡೆಬಿಯನ್‌ನವರು ಎಷ್ಟೋ ಗಂಟುಗಳನ್ನು ಬಿಚ್ಚಿ ಆ ಕೋಡನ್ನು ಕಿತ್ತು ಮತ್ತೆ ಕಟ್ಟಬೇಕಾಯ್ತು.

ಕಟ್ಟಿದ ಮೇಲೆ ಏನು ಮಾಡ್ತಾರೆ ಅನ್ನೋದು ನನಗೆ ಮುಖ್ಯ. ವರ್ಷನ್ ನಂಬರಿನ ಬಾಲಕ್ಕೆ '+ಡಿಎಫ್‌ಎಸ್‌ಜಿ' ಅಂತ ಸೇರಿಸ್ತಾರೆ. ಡೆಬಿಯನ್ ಫ್ರೀ ಸಾಫ್ಟ್‌ವೇರ್ ಗೈಡ್‌ಲೈನ್ಸ್ ಅನ್ನೋ 1997ರ ದಾಖಲೆಯ ಮೊದಲಕ್ಷರಗಳು. ಅಂದರೆ ಮೂಲದವರ 1.0 ಈಗ 1.0+ಡಿಎಫ್‌ಎಸ್‌ಜಿ. ಲೈಸೆನ್ಸ್ ಕಾರಣಕ್ಕಲ್ಲ, ಗಾತ್ರ ಇಳಿಸೋಕೋ ಅನಗತ್ಯ ಕಸ ತೆಗೆಯೋಕೋ ಬಿಚ್ಚಿದ್ದಾದರೆ '+ಡಿಎಸ್', ಡೆಬಿಯನ್ ಸೋರ್ಸ್ ಅಂತ. ಏನೇನು ಕಿತ್ತೆವು ಅನ್ನೋದನ್ನು ಪ್ಯಾಕೇಜಿನೊಳಗೆ ಬರೆದಿಡಬೇಕು. ಕಿತ್ತ ಫೈಲುಗಳ ಪಟ್ಟಿಯನ್ನು ಕಾಪಿರೈಟ್ ಫೈಲಲ್ಲೇ ಕೊಟ್ಟರೆ 'ಯುಸ್ಕ್ಯಾನ್' ಅನ್ನೋ ಸಲಕರಣೆ ಮೂಲದಿಂದ ಇಳಿಸಿ, ಅವನ್ನು ಕಿತ್ತು, ಹೊಸದಾಗಿ ಕಟ್ಟಿಕೊಡುತ್ತೆ. ಬೇರೆ ಯಾರಾದರೂ ಅದೇ ಕೆಲಸ ಮಾಡಿ ತಾಳೆ ನೋಡಬಹುದು.

ಡೆಬಿಯನ್ ಡೆವಲಪರುಗಳ ಕೈಪಿಡಿಯಲ್ಲಿ ಇನ್ನೂ ಒಂದು ಸಲಹೆ ಇದೆ, ಅದನ್ನು ಓದಿದಾಗ ನನಗೆ ಆ ಏಳು ಕಂಪ್ಯೂಟರು ನೆನಪಾದವು. ಹೀಗೆ ಮರುಕಟ್ಟಿದ ಗಂಟಲ್ಲಿ ಮೂಲ ಲೇಖಕರಿಂದ ಬರದ ಫೈಲು ಇರಬಾರದು, ನೀವು ತಿದ್ದಿದ ಫೈಲೂ ಇರಬಾರದು. ತೆಗೀಬಹುದು, ಸೇರಿಸೋ ಹಾಗಿಲ್ಲ. ತಿದ್ದೋದಿದ್ದರೆ ಅದು ಇನ್ನೊಂದು ಗಂಟಿನ ಕೆಲಸ, ನಿಮ್ಮ ಹೆಸರಲ್ಲಿ. ನಮ್ಮ ಗುಂಪಿನವರು ಪಿಡಿಎಫ್ ಕಿತ್ತದ್ದು ಒಂದು ಥರದ ಕೆಲಸ, ಅಕ್ಷರದ ಜಾಗ ಬದಲಾಯಿಸಿದ್ದು ಇನ್ನೊಂದು ಥರದ್ದು. ಎರಡನ್ನೂ 'ಆಪ್ಟಿಮೈಸ್' ಅನ್ನೋ ಒಂದೇ ಕಂಬಳಿಯಡಿ ಮುಚ್ಚಿದರು.

ಈ ಬಾಲವನ್ನು ಮನಸ್ಸಿಗೆ ಬಂದ ಹಾಗೆ ಅಂಟಿಸೋ ಹಾಗೂ ಇಲ್ಲ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ತಾಳ್ಮೆ ಇರಲಿ. ಪ್ಯಾಕೇಜ್ ಮ್ಯಾನೇಜರಿಗೆ ಕಣ್ಣಿಲ್ಲ, ವರ್ಷನ್ ಅಕ್ಷರಗಳನ್ನು ಹೋಲಿಸಿ ಯಾವುದು ಹೊಸದು ಅಂತ ತೀರ್ಮಾನ ಮಾಡುತ್ತೆ ಅಷ್ಟೆ. ಹಿಂದೆ ಕೆಲವರು '.ಡಿಎಫ್‌ಎಸ್‌ಜಿ' ಅಂತ ಚುಕ್ಕಿ ಇಟ್ಟು ಬರೀತಿದ್ದರು. ಡೆಬಿಯನ್‌ನ ಹೋಲಿಕೆ ನಿಯಮದಲ್ಲಿ 1.0.ಡಿಎಫ್‌ಎಸ್‌ಜಿ ಅನ್ನೋದು 1.0.1ಕ್ಕಿಂತ ದೊಡ್ಡದಾಗಿಬಿಡುತ್ತೆ. ಚುಕ್ಕಿಯಾದ ಮೇಲೆ ಅಕ್ಷರ ಬಂದದ್ದು, ಚುಕ್ಕಿಯಾದ ಮೇಲೆ ನೇರ ಅಂಕಿ ಬಂದದ್ದಕ್ಕಿಂತ ಮುಂದೆ ಅಂತ ಅದರ ಲೆಕ್ಕ. ಅಂದರೆ ಮೂಲದವರು ತುರ್ತಾಗಿ 1.0.1 ಬಿಟ್ಟರೂ ನಿಮ್ಮ ಕಂಪ್ಯೂಟರು 'ನನ್ನ ಹತ್ತಿರ ಇರೋದೇ ಹೊಸದು' ಅಂತ ಸುಮ್ಮನೆ ಕೂರುತ್ತೆ. ಕೂಡು ಚಿಹ್ನೆ ಹಾಕಿದರೆ ಈ ತೊಂದರೆ ಇಲ್ಲ: 1.0ಕ್ಕಿಂತ ದೊಡ್ಡದು, 1.0.1ಕ್ಕಿಂತ ಚಿಕ್ಕದು, ಎಲ್ಲಿರಬೇಕೋ ಅಲ್ಲೇ. ಇನ್ನು '~' ಗೆರೆ ಹಾಕಿದರೆ ಮೂಲದ 1.0ಕ್ಕಿಂತಲೂ ಹಿಂದೆ ಹೋಗುತ್ತೆ. ಒಂದು ಚಿಹ್ನೆ. ಅದರಲ್ಲಿ ಸುರಕ್ಷತೆಯ ಅಪ್‌ಡೇಟ್ ಬರೋದೂ ಬರದೇ ಇರೋದೂ ನಿಂತಿದೆ. ಹೆಸರು ಅಂದರೆ ಅಲಂಕಾರ ಅನ್ನೋರು ಇದನ್ನು ಎರಡು ಸಲ ಓದಿ.

ಎರಡನೇ ಸಲ ಬಿಚ್ಚಬೇಕಾಗಿ ಬಂದರೆ? +ಡಿಎಫ್‌ಎಸ್‌ಜಿ1 ಹೋಗಿ +ಡಿಎಫ್‌ಎಸ್‌ಜಿ2 ಆಗುತ್ತೆ. ಆಗಲೇಬೇಕು, ಯಾಕಂದ್ರೆ ಡೆಬಿಯನ್‌ನ ಉಗ್ರಾಣ ಒಂದೇ ಹೆಸರಲ್ಲಿ ಬೇರೆ ಹೂರಣದ ಒರಿಗ್ ಫೈಲನ್ನು ಎರಡನೇ ಸಲ ಒಳಗೇ ಬಿಡೋದಿಲ್ಲ. ಬಾಗಿಲಲ್ಲೇ ವಾಪಸ್. ನಂಗಲಿ ಚೆಕ್‌ಪೋಸ್ಟಿನ ಮೇಜಿನ ಹಿಂದಿದ್ದವರು ನೆನಪಾಗ್ತಾರೆ.

ಡೆಬಿಯನ್‌ನವರನ್ನು ಹೊಗಳಿ ಅಟ್ಟಕ್ಕೇರಿಸೋಕೆ ನಾನು ಬಂದಿಲ್ಲ. ಅವರ ಈಮ್ಯಾಕ್ಸ್ ಪ್ಯಾಕೇಜನ್ನೇ ನೋಡಿ. ತಿದ್ದಲಾಗದ ಭಾಗಗಳಿರೋ ಜಿಎಫ್‌ಡಿಎಲ್ ಕೈಪಿಡಿಗಳು ಮುಕ್ತವಲ್ಲ ಅಂತ 2006ರಲ್ಲಿ ಮತ ಹಾಕಿ ತೀರ್ಮಾನಿಸಿದರು. ಈಮ್ಯಾಕ್ಸಿನ ಕೈಪಿಡಿಗಳು ಮೂಲದ ಗಂಟಿನಿಂದ ಹೊರಬಿದ್ದು ಬೇರೆ ಪ್ಯಾಕೇಜಿಗೆ ಹೋದವು. ಸರಿ. ಆದರೆ ಆ ಗಂಟಿನ ಹೆಸರೇನು? 27.1+1. ಏನು ಸ್ವಾಮಿ ಈ +1? ಹೊಸ ತಿದ್ದುಪಡಿಯಾ? ಒಂದು ದಿನ ತಡವಾದದ್ದಕ್ಕೆ ಬಡ್ಡಿಯಾ? ಗೊತ್ತಿದ್ದವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಗೊತ್ತಾಗಲಿ ಅಂತ ತಾನೇ ಹೆಸರು ಇರೋದು? +ಡಿಎಫ್‌ಎಸ್‌ಜಿ ಅನ್ನೋದೂ ಹೊರಗಿನವರಿಗೆ ಮಂತ್ರವೇ, ಒಪ್ತೀನಿ. ಆದರೆ ಆ ಮಂತ್ರ ಸಾವಿರಾರು ಪ್ಯಾಕೇಜುಗಳಲ್ಲಿ ಒಂದೇ ಅರ್ಥದಲ್ಲಿದೆ, ಹುಡುಕಿದರೆ ಅರ್ಥ ಸಿಗುತ್ತೆ. +1 ಹುಡುಕಿದರೆ ಏನು ಸಿಗುತ್ತೆ? ಒಂದು ಸಿಗುತ್ತೆ.

ಫೆಡೋರಾದವರದ್ದು ಇನ್ನೊಂದು ದಾರಿ, ನನಗೆ ಬಹಳ ಇಷ್ಟ. ಪೇಟೆಂಟ್ ಭಯಕ್ಕೆ ಓಪನ್‌ಎಸ್‌ಎಸ್‌ಎಲ್‌ನಿಂದ ಕೆಲವು ಭಾಗ ಕಿತ್ತು ಕಟ್ಟಿದಾಗ ಆ ಟಾರ್ ಫೈಲಿನ ಹೆಸರಲ್ಲೇ 'ಹಾಬಲ್ಡ್' ಅಂತ ಬರೆದರು. ಕಾಲಿಗೆ ಹಗ್ಗ ಕಟ್ಟಿದ್ದು ಅಂತ ಅರ್ಥ. ಮೇಯೋಕೆ ಬಿಟ್ಟ ಹಸು ದೂರ ಹೋಗದೇ ಇರಲಿ ಅಂತ ಕಟ್ತಾರಲ್ಲ, ಹಾಗೆ. ಕಿತ್ತ ಸ್ಕ್ರಿಪ್ಟನ್ನೂ ಪಕ್ಕದಲ್ಲೇ ಇಟ್ಟರು. ಇದು ಕುಂಟುತ್ತೆ, ನಾವೇ ಕಟ್ಟಿದ್ದು ಅಂತ ಬಾಗಿಲಲ್ಲೇ ಹೇಳಿದ ಹಾಗೆ. ಲಿನಕ್ಸ್ ಕರ್ನಲ್ಲಿನಿಂದ ಸೋರ್ಸ್ ಇಲ್ಲದ ತುಣುಕುಗಳನ್ನು ಕಿತ್ತು ಹಂಚೋರು ತಮ್ಮ ಗಂಟನ್ನು 'ಲಿನಕ್ಸ್-ಲಿಬ್ರೆ' ಅಂತ ಕರೀತಾರೆ, ಬಾಲಕ್ಕೆ 'ಗ್ನೂ' ಸೇರಿಸ್ತಾರೆ. ಅವರ ಸಿದ್ಧಾಂತ ನಿಮಗೆ ಹಿಡಿಸದೇ ಇರಬಹುದು. ಹೆಸರಲ್ಲಿ ಮೋಸ ಇಲ್ಲ.

ಈಗ ನನಗೆ ಬರೋ ಸಮಜಾಯಿಷಿಗಳಿಗೆ ಬರ್ತೀನಿ. ಅತಿ ಬುದ್ಧಿವಂತರದ್ದು ಮೊದಲು: "ಹ್ಯಾಶ್ ಇದೆಯಲ್ಲ ಸರ್, ಅನುಮಾನ ಇದ್ದೋರು ತಾಳೆ ನೋಡ್ಕೋತಾರೆ." ಅನುಮಾನ ಬರಬೇಕಲ್ಲ ಮಾರಾಯ! ಎರಡು ಸಂಜೆ ನನಗೇ ಬರಲಿಲ್ಲ, ಇದೇ ಕೆಲಸ ಮಾಡ್ಕೊಂಡು ಅನ್ನ ತಿನ್ನೋನಿಗೆ. ಆ ಮೇಷ್ಟ್ರಿಗೆ ಹೇಗೆ ಬರುತ್ತೆ? ಹ್ಯಾಶ್ ಇರೋದು ಹೆಸರು ನಿಜ ಹೇಳ್ತಿದೆಯಾ ಅಂತ ಪರೀಕ್ಷೆ ಮಾಡೋಕೆ. ಹೆಸರು ಸುಳ್ಳು ಹೇಳೋಕೆ ಪರವಾನಗಿ ಕೊಡೋಕಲ್ಲ. ಸಾಲದ್ದಕ್ಕೆ, ಯಾರೂ ಏನೂ ತಿದ್ದದೇ ಇದ್ದರೂ ಹ್ಯಾಶ್ ಬದಲಾಗುತ್ತೆ. 2023ರ ಜನವರಿ 30ರಂದು ಗಿಟ್‌ಹಬ್ ತನ್ನಷ್ಟಕ್ಕೆ ತಯಾರಿಸೋ ಸೋರ್ಸ್ ಗಂಟುಗಳನ್ನು ಕುಗ್ಗಿಸೋ ವಿಧಾನ ಬದಲಾಯ್ತು. ಒಳಗಿನ ಒಂದು ಅಕ್ಷರವೂ ಬದಲಾಗಿರಲಿಲ್ಲ. ಆದರೆ ಹಳೇ ಮೊತ್ತ ನಂಬಿಕೊಂಡಿದ್ದ ಬಿಲ್ಡುಗಳು ಲೋಕದ ತುಂಬ ಮುರಿದುಬಿದ್ದವು, ಗಿಟ್‌ಹಬ್ ಬೇಗನೆ ಹಿಂದಕ್ಕೆ ತಗೊಂಡಿತು. ಬರೀ ಮತ್ತೊಂದು ಸಲ ಕಟ್ಟಿದ್ದಕ್ಕೇ ಇಷ್ಟು ರಾದ್ಧಾಂತ. ಹ್ಯಾಶ್ ಬೇರೆ ಆಯ್ತು ಅಂದ ತಕ್ಷಣ ಮೋಸವೋ, ಕೈತಪ್ಪೋ, ಬರೀ ಮರುಕಟ್ಟಿದ್ದೋ ಗೊತ್ತಾಗೋದಿಲ್ಲ. ಅದನ್ನು ಹೇಳಬೇಕಾದ್ದು ಹೆಸರು.

ಎರಡನೆಯದು: "ಎಲ್ಲ ಗಿಟ್‌ನಲ್ಲಿ ಇದೆಯಲ್ಲ, ಗಂಟನ್ನು ಯಾರು ನೋಡ್ತಾರೆ?" ಇದಕ್ಕೆ ಉತ್ತರ 2024ರ ಮಾರ್ಚಲ್ಲಿ ಸಿಕ್ಕಿತು. ಎಕ್ಸ್‌ಝಡ್ ಅನ್ನೋ ಸಣ್ಣ ಸಲಕರಣೆ, ಫೈಲು ಕುಗ್ಗಿಸೋದು, ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇರೋದು. ಅದರ 5.6.0 ಮತ್ತು 5.6.1 ಬಿಡುಗಡೆಗಳಲ್ಲಿ ಹಿಂಬಾಗಿಲು ಇಟ್ಟಿದ್ದರು. ವಿಷದ ಬಹುಭಾಗ ಪರೀಕ್ಷಾ ಫೈಲುಗಳ ವೇಷದಲ್ಲಿ ಗಿಟ್‌ನಲ್ಲೇ ಇತ್ತು. ಆದರೆ ಅದನ್ನು ಎಬ್ಬಿಸೋ ಸಾಲುಗಳು ಇದ್ದದ್ದು ಬಿಡುಗಡೆಯ ಟಾರ್ ಗಂಟಲ್ಲಿ ಮಾತ್ರ. ಗಿಟ್ ನೋಡಿದವರಿಗೆ ಕಾಣ್ತಿರಲಿಲ್ಲ. ಗಂಟನ್ನು ಬಿಚ್ಚಿ ಗಿಟ್ ಜೊತೆ ತಾಳೆ ನೋಡೋರು ಇರಲಿಲ್ಲ, ಹೆಸರೂ ನಂಬರೂ ಒಂದೇ ಇತ್ತಲ್ಲ! ಆಂಡ್ರೆಸ್ ಫ್ರೂಂಡ್ ಅನ್ನೋ ಪೋಸ್ಟ್‌ಗ್ರೆಸ್ ಡೆವಲಪರು ತನ್ನ ಯಂತ್ರಕ್ಕೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನ ಆಯ್ತು ಅಂತ ಕೆದಕಿದ್ದರಿಂದ ಮಾರ್ಚ್ 29ಕ್ಕೆ ಲೋಕಕ್ಕೆ ಗೊತ್ತಾಯ್ತು. ಅರ್ಧ ಸೆಕೆಂಡು!

ನಮ್ಮ ಫಾಂಟಿನ ಗುಂಪಿನವರನ್ನು ಆ ದುಷ್ಟರ ಪಕ್ಕದಲ್ಲಿ ನಿಲ್ಲಿಸ್ತಿಲ್ಲ. ಆದರೆ ಹೆಸರು ಒಂದೇ ಇದ್ದರೆ ಸಾಕು, ಒಳಗೆ ಏನಿದ್ದರೂ ನಡೆಯುತ್ತೆ ಅನ್ನೋ ಅಭ್ಯಾಸ ಊರಲ್ಲಿ ಬೆಳೆದರೆ, ಆ ಅಭ್ಯಾಸದ ಲಾಭ ಯಾರಿಗೆ ಅಂತ ಕೇಳ್ತಿದ್ದೀನಿ. ಒಳ್ಳೆಯವರು ತೆರೆದಿಟ್ಟ ಬಾಗಿಲಲ್ಲೇ ಕೆಟ್ಟವರೂ ಬರ್ತಾರೆ.

ಆ ಗಲಾಟೆಯಲ್ಲಿ ಡೆಬಿಯನ್ ಮಾಡಿದ್ದು ನೋಡಿ. ಕೆಟ್ಟ 5.6.1 ಆಗಲೇ ಅಸ್ಥಿರ ಆವೃತ್ತಿಯ ಜನರ ಕಂಪ್ಯೂಟರಿಗೆ ಹೋಗಿತ್ತು. ಹಳೇ 5.4.5ಕ್ಕೆ ಹಿಂದಿರುಗಬೇಕು. ಆದರೆ 5.4.5 ಅಂತ ಕೊಟ್ಟರೆ ಕಂಪ್ಯೂಟರು 'ಇದು ಹಳೇದು, ಬೇಡ' ಅನ್ನುತ್ತೆ. 5.6.2 ಅಂತ ಸುಳ್ಳು ನಂಬರು ಕೊಟ್ಟಿದ್ದರೆ ಕೆಲಸ ಸಲೀಸಾಗಿ ಆಗ್ತಿತ್ತು. ಕೊಡಲಿಲ್ಲ. ಅವರು ಇಟ್ಟ ಹೆಸರು: 5.6.1+ರಿಯಲಿ5.4.5-1. ಕಂಪ್ಯೂಟರಿಗೆ 5.6.1ಕ್ಕಿಂತ ಹೊಸದಾಗಿ ಕಾಣಬೇಕು, ಮನುಷ್ಯರಿಗೆ 'ನಿಜವಾಗಿ ಇದು 5.4.5' ಅಂತ ಗೊತ್ತಾಗಬೇಕು. ಅಂಥ ತುರ್ತಿನಲ್ಲೂ ನಿಜವನ್ನು ಹೆಸರಲ್ಲೇ ಬರೆದರು. ಕುರೂಪ ಹೆಸರು, ಹೌದು. ನನಗಂತೂ ಅದು ಚೆಂದ.

ಉದ್ದ ಬಾಲ ಅಂತ ನಾಚಿಕೆ ಪಡೋರಿಗೆ ನಮ್ಮೂರಿನದ್ದೇ ಒಂದು ಉದಾಹರಣೆ ಕೊಡ್ತೀನಿ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದ ಮೇಲೆ ತಲಕಾಡುಗೊಂಡ ಅನಿಸಿಕೊಂಡ. ಆಮೇಲೆ ಶಾಸನಗಳಲ್ಲಿ ಆ ಬಿರುದು ಬೆಳೀತಾ ಹೋಯ್ತು: ಕೊಂಗು, ನಂಗಲಿ, ಗಂಗವಾಡಿ, ನೊಳಂಬವಾಡಿ ಅಂತ. ನಮ್ಮ ನಂಗಲಿ ಇವತ್ತಿಗೂ ಪಠ್ಯದಲ್ಲಿ ಬರೋದು ಆ ಬಾಲದ ದೆಸೆಯಿಂದ. ಏನು ಬದಲಾಯ್ತೋ ಅದನ್ನು ಹೆಸರಿಗೆ ಸೇರಿಸ್ಕೊಂಡು ಹೋದ ರಾಜ. ಹಳೇ ಹೆಸರಲ್ಲೇ ಇರ್ತೀನಿ, ಜನ ಗೊಂದಲ ಮಾಡ್ಕೋತಾರೆ ಅನ್ನಲಿಲ್ಲ.

ಫಾಂಟಿನ ಮಾತಿಗೆ ವಾಪಸ್ ಬಂದರೆ, ಇಲ್ಲಿ ಇದು ಬರೀ ಶಿಸ್ತಿನ ಪ್ರಶ್ನೆ ಅಲ್ಲ, ಕಾನೂನಿನದ್ದೂ ಹೌದು. ಮುಕ್ತ ಫಾಂಟುಗಳಲ್ಲಿ ಹೆಚ್ಚಿನವು ಎಸ್‌ಐಎಲ್ ಸಂಸ್ಥೆಯ ಓಪನ್ ಫಾಂಟ್ ಲೈಸೆನ್ಸ್ ಅಡಿ ಬರ್ತವೆ. ಅದರಲ್ಲಿ 'ಕಾದಿರಿಸಿದ ಹೆಸರು' ಅನ್ನೋ ಏರ್ಪಾಡಿದೆ. ಮೂಲದವರು ಹೆಸರು ಕಾದಿರಿಸಿದ್ದರೆ, ನೀವು ಫಾಂಟನ್ನು ಎಷ್ಟು ಬೇಕಾದರೂ ತಿದ್ದಿ, ಹಂಚಿ, ಆದರೆ ಅವರ ಅಪ್ಪಣೆ ಇಲ್ಲದೆ ತಿದ್ದಿದ್ದನ್ನು ಆ ಹೆಸರಲ್ಲಿ ಹಂಚೋ ಹಾಗಿಲ್ಲ. ಎಲ್ಲ ಸ್ವಾತಂತ್ರ್ಯ ಕೊಟ್ಟು ಉಳಿಸಿಕೊಂಡದ್ದು ಒಂದೇ, ಹೆಸರು. ಫೈರ್‌ಫಾಕ್ಸಿನ ಕತೆಯೂ ಇಂಥದ್ದೇ. ಡೆಬಿಯನ್‌ನವರು ತಾವೇ ತಿದ್ದಿ ಹಂಚ್ತಿದ್ದರು, ತಿದ್ದಿದ್ದಕ್ಕೆ ನಮ್ಮ ಹೆಸರು ಬೇಡ ಅಂತ ಮೊಝಿಲ್ಲಾ 2006ರಲ್ಲಿ ಹೇಳಿತು, ಡೆಬಿಯನ್ 'ಐಸ್‌ವೀಸಲ್' ಅಂತ ಹೆಸರಿಟ್ಟು 2016ರವರೆಗೆ ನಡೆಸಿತು. ಆಗ ಮೊಝಿಲ್ಲಾದ್ದು ಅತಿಯಾಯ್ತು ಅಂದುಕೊಂಡಿದ್ದೆ. ಆ ಏಳು ಕಂಪ್ಯೂಟರು ನೋಡಿದ ಮೇಲೆ ಅಷ್ಟು ಖಚಿತ ಇಲ್ಲ.

ಕನ್ನಡದವರಾಗಿ ನಮಗೆ ಇದರ ಹಳೇ ಅನುಭವವೂ ಇದೆ. ಡೆಬಿಯನ್‌ನಲ್ಲಿ ಒಂದು ಕಾಲಕ್ಕೆ ಭಾರತದ ಭಾಷೆಗಳ ಫಾಂಟೆಲ್ಲ 'ಟಿಟಿಎಫ್-ಇಂಡಿಕ್-ಫಾಂಟ್ಸ್' ಅನ್ನೋ ಒಂದೇ ಮೂಟೆಯಲ್ಲಿ ಇರ್ತಿದ್ದವು. ಕನ್ನಡದ್ದು, ತೆಲುಗಿನದ್ದು, ಗುಜರಾತಿಯದ್ದು ಎಲ್ಲಾ ಸೇರಿ ಒಂದು ವರ್ಷನ್ ನಂಬರು. ಆ ನಂಬರು ಮೂಟೆಯದ್ದು, ಒಳಗಿನ ಯಾವ ಫಾಂಟಿನದ್ದೂ ಅಲ್ಲ. ನನ್ನ ಹತ್ತಿರ ಇರೋ ಕನ್ನಡ ಫಾಂಟು ಯಾವ ಬಿಡುಗಡೆಯದ್ದು ಅಂತ ಹೊರಗಿಂದ ಹೇಳೋಕೆ ದಾರಿ ಇರಲಿಲ್ಲ. ಆಮೇಲೆ ಮೂಟೆ ಒಡೆದು ಲೋಹಿತ್ ಬೇರೆ, ಗುಬ್ಬಿ ಬೇರೆ, ನವಿಲು ಬೇರೆ ಪ್ಯಾಕೇಜಾದವು. ಒಂದೊಂದಕ್ಕೂ ಅದರದೇ ಮೂಲ, ಅದರದೇ ನಂಬರು. ಗುಬ್ಬಿಗೆ ತೊಂದರೆ ಆದರೆ ಗುಬ್ಬಿಯವರನ್ನು ಕೇಳಬಹುದು. ಇಷ್ಟು ಸಾಧಾರಣ ಅನುಕೂಲಕ್ಕೆ ವರ್ಷಗಟ್ಟಲೆ ಕಾದಿದ್ದೀವಿ. ಅದನ್ನು ಒಂದು ಪೆನ್‌ಡ್ರೈವಲ್ಲಿ ಕಳ್ಕೋಬೇಕಾ?

ಕಳ್ಕೊಳ್ಳೋದು ಯಾರು ಅಂತ ನೋಡಿ. ಗುಂಪಿನವರಲ್ಲ, ಅವರ ಹೆಸರು ಎಲ್ಲೂ ಇಲ್ಲ. ಮೇಷ್ಟ್ರು ಬೈದದ್ದು ಫಾಂಟ್ ಮಾಡಿದವರನ್ನು: "ಅಂಥಾ ಫಾಂಟು ಯಾಕಪ್ಪಾ ಮಾಡ್ತಾರೆ, ಅರ್ಕಾವತ್ತೇ ಬರಲ್ಲ." ಮುಕ್ತ ಕನ್ನಡ ಫಾಂಟುಗಳನ್ನು ನೋಡಿಕೊಳ್ಳೋರು ಬೆರಳೆಣಿಕೆ ಮಂದಿ. ಅವರಿಗೆ ಸಿಗೋದು ಹೆಸರೊಂದೇ. ಅವರು ಮಾಡದ ತಪ್ಪಿಗೆ ದೂರು ಬರುತ್ತೆ, ತಮ್ಮ ಕಂಪ್ಯೂಟರಲ್ಲಿ ಹಾಕಿ ನೋಡ್ತಾರೆ, ಸರಿಯಾಗಿ ಕಾಣುತ್ತೆ, ತಲೆ ಕೆರ್ಕೋತಾರೆ. ಹತ್ತು ಸಲ ಹೀಗಾದರೆ ಹನ್ನೊಂದನೇ ಸಲ ನಿಜವಾದ ದೂರನ್ನೂ ತೆರೆದು ನೋಡಲ್ಲ.

ಮಾಡಬೇಕಾದ ಕೆಲಸ ಐದು ನಿಮಿಷದ್ದು. ಮೂಲದ ಹೆಸರು, ಮೂಲದ ನಂಬರು ಹಾಗೇ ಇರಲಿ. ಪಕ್ಕದಲ್ಲಿ ಕೂಡು ಚಿಹ್ನೆ, ಆಮೇಲೆ ನಿಮ್ಮ ಗುಂಪಿನ ಚುಟುಕು ಹೆಸರು, ಎಷ್ಟನೇ ಸಲ ಕಟ್ಟಿದ್ದು ಅನ್ನೋ ಅಂಕಿ. ಒಳಗೆ ಒಂದು ಪುಟದ ಫೈಲು: ಎಲ್ಲಿಂದ ತಂದದ್ದು, ಏನು ತೆಗೆದದ್ದು, ಯಾಕೆ. ಕನ್ನಡದಲ್ಲೇ ಬರೆಯಿರಿ, ಮೇಷ್ಟ್ರು ಓದ್ತಾರೆ. ಫಾಂಟನ್ನೇ ತಿದ್ದಿದ್ದರೆ ಅದು ಮರುಕಟ್ಟಿದ್ದಲ್ಲ, ಹೊಸ ಫಾಂಟು. ಹೊಸ ಹೆಸರಿಡಿ. ಕನ್ನಡದಲ್ಲಿ ಹೂವಿಗೂ ಹಕ್ಕಿಗೂ ಹೆಸರಿನ ಬರ ಇಲ್ಲ. 'ಫೈನಲ್', 'ನ್ಯೂ', 'ಫೈನಲ್ ನ್ಯೂ 2' ಅಂತ ಮಾತ್ರ ಬೇಡ, ಕೈ ಮುಗೀತೀನಿ.

ಇಷ್ಟನ್ನೂ ಆ ಗುಂಪಿಗೆ ಬರೆದು ಕಳಿಸಿದೆ. ಮುಂದಿನ ಸಲ ನೋಡೋಣ ಸರ್ ಅಂದರು. ಶಾಲೆಯ ಏಳು ಕಂಪ್ಯೂಟರಿಗೆ ಮೂಲದ ಫಾಂಟು ಹಾಕಿ ಬಂದೆ. ಹೋದ ವಾರ ಫಾಂಟ್ ಮಾಡಿದವರು ಒಂದು ದೂರನ್ನು ನನಗೆ ಕಳಿಸಿದರು, ಇದೇನು ನೋಡಿ ಅಂತ. ಬೇರೆ ಜಿಲ್ಲೆಯಿಂದ ಬಂದದ್ದು. ಜೊತೆಗೊಂದು ಸ್ಕ್ರೀನ್‌ಶಾಟು. ವರ್ಷನ್ ನಂಬರು ಅದೇ, ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂತಿದೆ.